ವರ್ಗಾವಣೆ ಎಂಬ ಪರಿಹಾರ



ಕಳೆದ ತಿಂಗಳು ಮಗಳ ಮನೆಯಲ್ಲಿದ್ದಾಗ ‘ಸ್ಪಾಟ್‌ಲೈಟ್’ ಎಂಬ ಇಂಗ್ಲಿಷ್ ಚಲನಚಿತ್ರವನ್ನು ನೋಡಿದೆ. 2015ರ ಚಿತ್ರ, ಆಸ್ಕರ್ ಪ್ರಶಸ್ತಿಯನ್ನೂ ಪಡೆದದ್ದು. ಅಮೆರಿಕದ ಬಾಸ್ಟನ್ ನಗರದಲ್ಲಿ ಕ್ಯಾಥೊಲಿಕ್ ಗುರುಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನೂ ಅದನ್ನು ಮೇಲಿನವರು ದಶಕಗಳ ಕಾಲ ಮುಚ್ಚಿಟ್ಟದ್ದನ್ನೂ ‘ಬಾಸ್ಟನ್ ಗ್ಲೋಬ್’ ಪತ್ರಿಕೆ 2002ರ ಜನವರಿಯಲ್ಲಿ ಬಯಲಿಗೆ ತಂದ ಕಥೆ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ನನ್ನನ್ನು ಕಾಡಿದ್ದು ಪತ್ರಕರ್ತರ ಸಾಹಸವಲ್ಲ. ಪ್ರತಿ ಭಾನುವಾರ ಅದೇ ಚರ್ಚುಗಳಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದ ಸಾಮಾನ್ಯ ಜನರು ಏನು ಮಾಡಿದರು ಎಂಬ ಪ್ರಶ್ನೆ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ.

ನಾನು ಕ್ರೈಸ್ತನಲ್ಲ. ಇಲ್ಲಿ ಬಳಸಿರುವ ಕೆಲವು ಪದಗಳನ್ನು ಹೇಳಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಒಬ್ಬ ಗುರುವಿನ ಪಾಲನೆಯಲ್ಲಿರುವ ಊರಿನ ಅಥವಾ ಬಡಾವಣೆಯ ಕ್ಯಾಥೊಲಿಕ್ ಸಮುದಾಯಕ್ಕೆ ‘ಧರ್ಮಕೇಂದ್ರ’ ಎನ್ನುತ್ತಾರಂತೆ. ಮೇಷ್ಟರಿಗೆ ಪಾಠ ಹೇಳುವ ಅವಕಾಶ ಸಿಕ್ಕಿತೆಂದು ಅವನಿಗೆ ಬಹಳ ಸಂತೋಷವಾಯಿತು! ಪರರ ಮನೆಯ ವಿಷಯ ನಿಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅದಕ್ಕೆ ಉತ್ತರವನ್ನು ಮುಂದೆ ಹೇಳುತ್ತೇನೆ.

ಪತ್ರಿಕೆ ಮೊದಲು ಬರೆದದ್ದು ಜಾನ್ ಗೇಗನ್ ಎಂಬ ಗುರುವಿನ ಬಗ್ಗೆ. ಮೂವತ್ತು ವರ್ಷಗಳಲ್ಲಿ ಹಲವು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ್ದ ಈತನ ಮೇಲೆ ದೂರು ಹೇಳಿದವರು 130ಕ್ಕೂ ಹೆಚ್ಚು ಜನ. 1982ರಲ್ಲೇ ಒಬ್ಬ ಮಹಿಳೆ ಅಂದಿನ ಕಾರ್ಡಿನಲ್ ಅವರಿಗೆ ಪತ್ರ ಬರೆದಿದ್ದರು. ಅವರ ಬಂಧುವರ್ಗದ ಏಳು ಗಂಡುಮಕ್ಕಳು ಈತನಿಂದ ಹಿಂಸೆಗೊಳಗಾಗಿದ್ದರು. ಆದರೂ 1984ರಲ್ಲಿ ಹೊಸ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಬರ್ನಾರ್ಡ್ ಲಾ ಅವರ ಕಾಲದಲ್ಲಿ ಗೇಗನ್‌ನನ್ನು ವೆಸ್ಟನ್ ಎಂಬ ಊರಿನ ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಇದು ಸರಿಯಲ್ಲವೆಂದು ಸಹಾಯಕ ಧರ್ಮಾಧ್ಯಕ್ಷರೊಬ್ಬರು ಬರೆದು ಎಚ್ಚರಿಸಿದರೂ ಫಲವಾಗಲಿಲ್ಲ. ವೆಸ್ಟನ್ನಿನ ತಂದೆತಾಯಂದಿರಿಗೆ ಯಾರೂ ಒಂದು ಮಾತನ್ನೂ ತಿಳಿಸಲಿಲ್ಲ. ಅಲ್ಲಿ ಆತ 1993ರವರೆಗೂ ಇದ್ದ.

ಇದನ್ನು ಕೇವಲ ಮೇಲಿನವರ ಪಾಪವೆಂದು ಬಿಟ್ಟುಬಿಡುವುದು ಸುಲಭ. ಆದರೆ ಧರ್ಮಕೇಂದ್ರ ಎಂಬುದು ಬರೀ ಕಟ್ಟಡವಲ್ಲ. ಗುರುಗಳು ಮನೆಗೆ ಊಟಕ್ಕೆ ಬಂದರೆ ಅದೊಂದು ಹಿರಿಮೆ, ಮಗನನ್ನು ಪೂಜೆಯ ಸಹಾಯಕ್ಕೆ ಆರಿಸಿದರೆ ಅದೊಂದು ಭಾಗ್ಯ. ಅಂಥ ಕಡೆ ಹುಡುಗನೊಬ್ಬ ಮಾತನಾಡಿದರೆ ಅವನು ದೂರುತ್ತಿರುವುದು ಒಬ್ಬ ಮನುಷ್ಯನನ್ನಲ್ಲ. ಇಡೀ ಬೀದಿಯ ನಂಬಿಕೆಯನ್ನು. ಅವನ ತಾಯಿಯೇ ಮೊದಲು ಅವನ ಬಾಯಿಯ ಮೇಲೆ ಕೈಯಿಡುತ್ತಾಳೆ. ಆ ತಾಯಿಯನ್ನು ನಾನು ನಿಂದಿಸಲಾರೆ.

2002ರಲ್ಲಿ ಆ ಕೈ ಸ್ವಲ್ಪ ಸಡಿಲವಾಯಿತು. ವೆಲ್ಸ್‌ಲಿ ಎಂಬ ಊರಿನ ಸಂತ ಯೊವಾನ್ನರ ಚರ್ಚಿನ ನೆಲಮಾಳಿಗೆಯಲ್ಲಿ ಕೆಲವೇ ಜನರು ಸೇರಿ ತಮ್ಮ ಸಂಕಟವನ್ನು ಮಾತನಾಡಿಕೊಳ್ಳತೊಡಗಿದರು. ಅದರಿಂದ ‘ವಾಯ್ಸ್ ಆಫ್ ದ ಫೇತ್‌ಫುಲ್’ ಎಂಬ ಸಂಘಟನೆ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜೇಮ್ಸ್ ಮುಲ್ಲರ್ ಎಂಬ ಹೃದ್ರೋಗ ತಜ್ಞರು. 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯರ ಸಂಘಟನೆಯ ಸ್ಥಾಪಕರಲ್ಲೂ ಒಬ್ಬರು. ನೊಂದವರಿಗೆ ಬೆಂಬಲ, ಪ್ರಾಮಾಣಿಕ ಗುರುಗಳಿಗೆ ಬೆಂಬಲ, ಚರ್ಚಿನ ಆಡಳಿತ ವ್ಯವಸ್ಥೆಯಲ್ಲಿ ಬದಲಾವಣೆ, ಇಷ್ಟೇ ಅವರು ಕೇಳಿದ್ದು. ಆ ವರ್ಷದ ಜುಲೈ ತಿಂಗಳ ಸಮಾವೇಶಕ್ಕೆ ಸುಮಾರು ನಾಲ್ಕು ಸಾವಿರ ಜನ ಬಂದರು. ಹಲವು ಧರ್ಮಾಧ್ಯಕ್ಷರು ಈ ಸಂಘಟನೆಗೆ ಚರ್ಚಿನ ಆವರಣದಲ್ಲಿ ಸಭೆ ಸೇರಲು ಅನುಮತಿಯನ್ನೇ ಕೊಡಲಿಲ್ಲ. ತಮ್ಮದೇ ಕಾಣಿಕೆಯಿಂದ ಕಟ್ಟಿದ ಸಭಾಂಗಣಕ್ಕೆ ತಮಗೇ ಪ್ರವೇಶವಿಲ್ಲ! ಡಿಸೆಂಬರಿನಲ್ಲಿ ಬಾಸ್ಟನ್ನಿನ 58 ಮಂದಿ ಗುರುಗಳೇ ಕಾರ್ಡಿನಲ್ ರಾಜೀನಾಮೆ ಕೊಡಬೇಕೆಂದು ಪತ್ರಕ್ಕೆ ಸಹಿ ಹಾಕಿದರು. ಡಿಸೆಂಬರ್ 13ರಂದು ಅವರು ಸ್ಥಾನ ಬಿಟ್ಟರು.

ಈ ಜನರಲ್ಲಿ ನಾನು ಮೆಚ್ಚುವುದು ಅವರು ಚರ್ಚನ್ನು ಬಿಟ್ಟುಹೋಗದೆ, ಬಾಯನ್ನೂ ಮುಚ್ಚಿಕೊಳ್ಳದೆ ಇದ್ದದ್ದನ್ನು. ಬಿಟ್ಟುಹೋದವರನ್ನು ತಪ್ಪೆನ್ನಲಾರೆ, ಎಷ್ಟೋ ಜನ ಹೋದರು. ಆದರೆ ಒಳಗಿದ್ದುಕೊಂಡೇ, ಪಕ್ಕದವರ ಬಿರುನೋಟವನ್ನು ಸಹಿಸಿಕೊಂಡು ಪ್ರಶ್ನೆ ಕೇಳುವುದು ಹೆಚ್ಚು ಕಷ್ಟದ ಕೆಲಸ.

ಇನ್ನೊಂದು ಪ್ರಸಂಗ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 2003ರಲ್ಲಿ ಮಹಾಧರ್ಮಪ್ರಾಂತ್ಯವು ಐನೂರಕ್ಕೂ ಹೆಚ್ಚು ಸಂತ್ರಸ್ತರಿಗೆ ಎಂಟೂವರೆ ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. ಮರುವರ್ಷ ಅರವತ್ತಕ್ಕೂ ಹೆಚ್ಚು ಧರ್ಮಕೇಂದ್ರಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಪರಿಹಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಗುರುಗಳ ಕೊರತೆ ಮತ್ತು ಇಳಿಯುತ್ತಿರುವ ಜನಸಂಖ್ಯೆಯೇ ಕಾರಣ ಎಂದಿತು. ಜನ ನಂಬಲಿಲ್ಲ. ಸಿಚುಯೇಟ್ ಎಂಬ ಕಡಲತೀರದ ಊರಿನಲ್ಲಿ ಭಕ್ತರು ಸರದಿಯ ಮೇಲೆ ಹಗಲೂ ರಾತ್ರಿ ಚರ್ಚಿನೊಳಗೇ ಕುಳಿತರು. 2004ರ ಅಕ್ಟೋಬರಿನಿಂದ 2016ರ ಮೇ ತಿಂಗಳವರೆಗೆ, ಹನ್ನೊಂದು ವರ್ಷಕ್ಕೂ ಮಿಗಿಲಾಗಿ! ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ಅಹವಾಲನ್ನು ಆಲಿಸಲು ನಿರಾಕರಿಸಿದ ಮೇಲೆಯೇ ಎದ್ದು ಹೊರಗೆ ಬಂದರು.

ಓದುತ್ತಾ ಮೊದಲು ಅವರ ನಿಷ್ಠೆಗೆ ಕೈಮುಗಿದೆ. ಆಮೇಲೆ ಒಂದು ಕಹಿಯಾದ ಯೋಚನೆ ಬಂತು. ಕಟ್ಟಡಕ್ಕಾಗಿ ಹನ್ನೊಂದು ವರ್ಷ ಕಾವಲು ಕೂರಬಲ್ಲ ಜನರು ನಮ್ಮೆಲ್ಲ ಊರುಗಳಲ್ಲೂ ಇದ್ದಾರೆ. 1982ರ ಆ ಪತ್ರ ಬರೆದ ಮಹಿಳೆಯ ಪಕ್ಕದಲ್ಲಿ ಒಂದು ವಾರ ಕೂರಲು ಎಷ್ಟು ಜನ ಸಿಗುತ್ತಿದ್ದರು? ಈ ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ, ಬಲ್ಲೆ. ಊರು ಬೇರೆ, ಜನ ಬೇರೆ, ಕಾಲವೂ ಬೇರೆ. ಆದರೂ ಆ ಯೋಚನೆ ಮನಸ್ಸಿನಿಂದ ಹೋಗುತ್ತಿಲ್ಲ.

ಸುಳ್ಳು ಆರೋಪದಿಂದ ಒಳ್ಳೆಯ ಗುರುವೊಬ್ಬ ಹಾಳಾದರೆ ಏನು ಗತಿ ಎಂದು ನನ್ನ ವಿದ್ಯಾರ್ಥಿ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ನಿರಪರಾಧಿಗೂ ರಕ್ಷಣೆ ಸಿಗುವುದು ಬಹಿರಂಗ ತನಿಖೆಯಲ್ಲೇ. ಎಲ್ಲವನ್ನೂ ಮುಚ್ಚಿಟ್ಟದ್ದರಿಂದ ಬಾಸ್ಟನ್ನಿನ ಪ್ರತಿಯೊಬ್ಬ ಗುರುವಿನ ಮೇಲೂ ಸಂಶಯದ ನೆರಳು ಬಿತ್ತು. ದೂರನ್ನು ತೂಗಿನೋಡುವ ಕೆಲಸ ಸಹೋದ್ಯೋಗಿಗಳದ್ದೂ ಅಲ್ಲ, ಭಕ್ತರದ್ದೂ ಅಲ್ಲ. ಮ್ಯಾಸಚೂಸೆಟ್ಸ್ ರಾಜ್ಯ 2002ರಲ್ಲೇ ಕಾನೂನನ್ನು ಬದಲಿಸಿ, ಮಕ್ಕಳ ಮೇಲಿನ ದೌರ್ಜನ್ಯದ ಶಂಕೆ ಬಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದವರ ಪಟ್ಟಿಗೆ ಗುರುಗಳನ್ನೂ ಸೇರಿಸಿತು. ನಮ್ಮ ದೇಶದಲ್ಲಿ ಪೋಕ್ಸೊ ಕಾಯಿದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಅದರ 19ನೆಯ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ. ಇಲಾಖೆಯ ತರಬೇತಿಯಲ್ಲಿ ಇದನ್ನು ಓದಿ ಹೇಳಿದಾಗ ನಾನು ತಲೆ ಎತ್ತಲಿಲ್ಲ.

ಏಕೆಂದರೆ, ನಾನು ಸೇವೆಗೆ ಸೇರಿದ ಹೊಸತರಲ್ಲಿ ಒಂದು ಶಾಲೆಯಲ್ಲಿದ್ದೆ. ಹೆಸರು ಬೇಡ. ಅಲ್ಲಿ ಮನೆಪಾಠ ಹೇಳುತ್ತಿದ್ದ ಒಬ್ಬ ಸಹೋದ್ಯೋಗಿಯ ಮೇಲೆ ಎಂಟನೆಯ ತರಗತಿಯ ಹುಡುಗನ ತಂದೆ ದೂರು ತಂದರು. ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲು ಮುಚ್ಚಿತು. ಆ ತಂದೆ ಕುರ್ಚಿಯ ಮೇಲೆ ಕುಳಿತುಕೊಳ್ಳಲೂ ಹಿಂಜರಿಯುತ್ತಿದ್ದ ಬಡ ರೈತ. ಶಾಲೆಯ ಮರ್ಯಾದೆ, ಮುಂದೆ ಹುಡುಗನ ಬಾಳು, ಜನರ ಬಾಯಿ ಎಂದೆಲ್ಲ ಹಿರಿಯ ಉಪಾಧ್ಯಾಯರು ಅವರಿಗೆ ತಿಳಿಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಬಿ.ಎಡ್.ನಲ್ಲಿ ಮಕ್ಕಳ ಮನಃಶಾಸ್ತ್ರವನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿ ಬಂದವನು ಒಂದು ಮಾತನ್ನೂ ಆಡಲಿಲ್ಲ. ಮೂರು ತಿಂಗಳಲ್ಲಿ ಆ ಸಹೋದ್ಯೋಗಿಗೆ ದೂರದ ತಾಲ್ಲೂಕಿಗೆ ವರ್ಗವಾಯಿತು. ಬೀಳ್ಕೊಡುಗೆ ಸಮಾರಂಭವೂ ನಡೆಯಿತು. ಹಾರಕ್ಕೆ ನಾನೂ ಹಣ ಕೊಟ್ಟೆ. ಆ ಹೊಸ ಊರಿನ ಮಕ್ಕಳ ಬಗ್ಗೆ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಸಮಸ್ಯೆ ಬಗೆಹರಿಯಿತೆಂದೇ ಎಲ್ಲರೂ ನಿಟ್ಟುಸಿರು ಬಿಟ್ಟೆವು.

ವೆಸ್ಟನ್ನಿನ ಹೆಸರು ಓದಿದಾಗ ನನಗೆ ನೆನಪಾದದ್ದು ಆ ತಾಲ್ಲೂಕು.

ಆ ಹುಡುಗ ಹಬ್ಬದ ರಜೆಯ ನಂತರ ಶಾಲೆಗೆ ಬರಲಿಲ್ಲ. ತಂದೆ ಬಂದು ವರ್ಗಾವಣೆ ಪತ್ರ ಕೇಳಿದರು. ಗುಮಾಸ್ತರು ರಜೆಯಲ್ಲಿದ್ದುದರಿಂದ ಅದನ್ನು ತುಂಬಿದವನು ನಾನೇ. ಶಾಲೆ ಬಿಡಲು ಕಾರಣ ಎಂಬಲ್ಲಿಗೆ ಬಂದಾಗ ಒಮ್ಮೆ ತಲೆಯೆತ್ತಿ ಅವರ ಮುಖ ನೋಡಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ದುಂಡಾದ ಅಕ್ಷರದಲ್ಲಿ ಬರೆದು, ಮೊಹರು ಒತ್ತಿ, ಅವರ ಕೈಗೆ ಕೊಟ್ಟೆ.