ಕೇಳದೆ ಬಂದ ಹಣ ಯಾರದು?

ಮೈಲಾಪುರದ ನಮಗೆ ತ್ಯಾಗರಾಯನಗರ ದೂರವೇನಲ್ಲ. 2022ರ ಮೇ ತಿಂಗಳಲ್ಲಿ ಅಲ್ಲಿನ ಬ್ಯಾಂಕ್ ಶಾಖೆಯೊಂದರ ಸುಮಾರು ನೂರು ಗ್ರಾಹಕರ ಖಾತೆಗಳಲ್ಲಿ ತಾಂತ್ರಿಕ ದೋಷದಿಂದ ತಲಾ 13 ಕೋಟಿ ರೂಪಾಯಿ ಕಾಣಿಸಿಕೊಂಡಿತ್ತು. ಬ್ಯಾಂಕು ಆ ಖಾತೆಗಳನ್ನು ತಡೆಹಿಡಿದು ತಪ್ಪನ್ನು ತಿದ್ದಿತು. ಕ್ರಿಪ್ಟೊ ನಾಣ್ಯಕ್ಕೆ ಅಂಥ ಕಾವಲಿಲ್ಲ. ಬೇರೊಬ್ಬರ ವಾಲೆಟ್ಟಿಗೆ ಒಮ್ಮೆ ಸೇರಿದ್ದನ್ನು ಕಳುಹಿಸಿದವರು ತಾವಾಗಿ ಹಿಂದೆಗೆದುಕೊಳ್ಳಲಾರರು.

ಹಾಗೆಂದು ಅದು ಪಡೆದವರ ಸ್ವತ್ತಾಗದು. ಕ್ರಿಪ್ಟೊ ಕೂಡ ಆಸ್ತಿಯೇ ಎಂದು ಮದರಾಸು ಉಚ್ಚ ನ್ಯಾಯಾಲಯ 2025ರ ಅಕ್ಟೋಬರಿನಲ್ಲಿ ಹೇಳಿದೆ. ತಪ್ಪಾಗಿ ಕೈಸೇರಿದ್ದನ್ನು ಮರಳಿಸಬೇಕೆಂದು 1872ರ ಕರಾರು ಕಾಯಿದೆಯ 72ನೆಯ ಕಲಮು ವಿಧಿಸುತ್ತದೆ. ಆದ್ದರಿಂದ ಮಾರದೆ, ವರ್ಗಾಯಿಸದೆ, ವಿನಿಮಯ ಸಂಸ್ಥೆಗೆ ಲಿಖಿತವಾಗಿ ತಿಳಿಸುವುದೇ ಮೊದಲ ಕರ್ತವ್ಯ. ‘ಬಿಡಿಸಿಕೊಳ್ಳಲು ಶುಲ್ಕ ಕಟ್ಟಿ’ ಎಂಬ ಕರೆ ಬಂದರೆ ಅದು ವಂಚನೆಯೆಂದೇ ತಿಳಿಯತಕ್ಕದ್ದು.

ಸ್ನೇಹಿತರಿತ್ತ ಉಡುಗೊರೆ ವರ್ಷಕ್ಕೆ 50,000 ರೂಪಾಯಿ ಮೀರಿದರೆ ಆದಾಯ ತೆರಿಗೆಗೆ ಒಳಪಡುತ್ತದೆ. ಕಾಯಿದೆ ಹೆಸರಿಸುವ ಬಂಧುಗಳದಾದರೆ ಇಲ್ಲ. ಮಾರಿದ ಲಾಭಕ್ಕಂತೂ 2022ರ ಏಪ್ರಿಲ್‌ನಿಂದ ಶೇ. 30 ತೆರಿಗೆಯಿದೆ.

ಮೂರು ದಶಕ ನಗದು ಎಣಿಸಿದ ನಾವು ಬಲ್ಲುದಿಷ್ಟೆ: ಸಂಜೆಯ ಲೆಕ್ಕದಲ್ಲಿ ಹೆಚ್ಚಾಗಿ ಉಳಿದ ನೋಟು ಕ್ಯಾಷಿಯರರದಲ್ಲ. ಅದನ್ನು ಕಳೆದುಕೊಂಡವರೊಬ್ಬರು ಆ ಹೊತ್ತಿಗೆ ಎಲ್ಲೋ ಜೇಬು ತಡಕುತ್ತಿರುತ್ತಾರೆ.