ನೋಡಲು ಬಂದವಳು, ನೋಡಿಕೊಳ್ಳುವವಳು

ಚೆನ್ನೈ ಅಥವಾ ಹೈದರಾಬಾದಿನ ಅಮೆರಿಕನ್ ಕಾನ್ಸುಲೇಟಿನ ಸರತಿಯಲ್ಲಿ ನಿಲ್ಲುವ ಮುನ್ನ ಕರ್ನಾಟಕದ ಅನೇಕ ತಾಯಂದಿರಿಗೆ ಮಗಳೋ ಅಳಿಯನೋ ಫೋನಿನಲ್ಲಿ ಒಂದು ಪಾಠ ಹೇಳಿಕೊಡುವುದುಂಟು. ಏಕೆ ಹೋಗುತ್ತಿದ್ದೀರಿ ಎಂದು ಅಧಿಕಾರಿ ಕೇಳಿದರೆ 'ಮೊಮ್ಮಗುವನ್ನು ನೋಡಲು' ಎನ್ನಬೇಕು, 'ನೋಡಿಕೊಳ್ಳಲು' ಎನ್ನಬಾರದು. ಸಂದರ್ಶಕ ವೀಸಾದಲ್ಲಿ ಹೋಗುವವರು ಅಲ್ಲಿ ಉದ್ಯೋಗ ಮಾಡುವಂತಿಲ್ಲ, ಮತ್ತು ಶಿಶುಪಾಲನೆಯು ಆ ದೇಶದಲ್ಲಿ ಗಂಟೆಗಿಷ್ಟು ಎಂದು ಬೆಲೆ ಕಟ್ಟಲಾದ ಉದ್ಯೋಗ. ಎರಡು ಕ್ರಿಯಾಪದಗಳ ನಡುವಿನ ಆ ಸಣ್ಣ ಅಂತರದಲ್ಲಿ ಆರು ತಿಂಗಳ ದುಡಿಮೆ ಅಡಗಿದೆ.

ಹೊರನಾಡಿನ ಕನ್ನಡ ಕುಟುಂಬಗಳಲ್ಲಿ ಮಗುವಿನ ನಿರೀಕ್ಷೆಯೆಂದರೆ ಇಂದು ಬಹುಮಟ್ಟಿಗೆ ವಸ್ತುಗಳ ಸಿದ್ಧತೆ. ತೊಟ್ಟಿಲು, ಕಾರ್ ಸೀಟು, ಸ್ಟ್ರೋಲರು, ಬ್ರೆಸ್ಟ್ ಪಂಪು ಎಂದು ಪಟ್ಟಿ ಬೆಳೆಯುತ್ತದೆ. ಸೀಮಂತದ ಹಸಿರು ಬಳೆ ಊರಿನಿಂದ ಬರುತ್ತದೆ. ಒಂದೊಂದು ವಸ್ತುವಿನ ಗುಣದೋಷಗಳನ್ನೂ ಓದಿ, ಬೆಲೆ ಹೋಲಿಸಿ ಕೊಳ್ಳುವ ದಂಪತಿಯು ಹೆರಿಗೆಯ ನಂತರದ ದುಡಿಮೆ ಯಾರದು ಎಂಬ ಪ್ರಶ್ನೆಗೆ ಮಾತ್ರ ಎರಡೇ ಪದಗಳಲ್ಲಿ ಉತ್ತರಿಸುತ್ತಾರೆ: 'ಅಮ್ಮ ಬರ್ತಾರೆ.' ಮೊದಲ ಆರು ತಿಂಗಳು ಅವಳ ತಾಯಿ, ಮುಂದಿನ ಆರು ತಿಂಗಳು ಅವನ ತಾಯಿ. ವೀಸಾದ ಅವಧಿಗೆ ಹೊಂದಿಸಿದ ಈ ಸರದಿಯೇ ಯೋಜನೆ ಎನಿಸಿಕೊಂಡಿದೆ. ಉತ್ತರದಲ್ಲಿ ಪ್ರೀತಿಯಿದೆ, ನಂಬಿಕೆಯಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದು ಅಷ್ಟು ಸುಲಭವಾಗಿ ಕಾಣುವುದು ಬಂದವಳ ಶ್ರಮವನ್ನು ಯಾರೂ ಲೆಕ್ಕಕ್ಕೆ ಹಿಡಿಯದಿರುವುದರಿಂದ.

ಲೆಕ್ಕ ಹಿಡಿಯಲು ಬೇಕಾದ ತಿಳಿವಳಿಕೆ ಕನ್ನಡ ಭಾಷೆಯಲ್ಲೇ ಇದೆ. ಬಾಣಂತಿಯೆಂದರೆ ಹೆತ್ತವಳು, ಆದರೆ 'ಬಾಣಂತನ ಮಾಡಿದಳು' ಎಂದಾಗ ಕರ್ತೃ ಹೆತ್ತವಳಲ್ಲ, ಅವಳ ಆರೈಕೆ ಮಾಡಿದವಳು. 'ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದ್ದೇನೆ' ಎಂದು ಹೇಳುವ ಹಿರಿಯ ಹೆಂಗಸು ತಾನು ಮಾಡಿದ ಕೆಲಸದ ವರದಿಯನ್ನೇ ಕೊಡುತ್ತಿರುತ್ತಾಳೆ. ಹೆರಿಗೆಯಾದವಳು ಒಬ್ಬಳೇ ನಿಭಾಯಿಸಲಾಗದ ಕೆಲಸವಿದು, ಇದಕ್ಕೆ ಇನ್ನೊಬ್ಬರು ಪೂರ್ಣಾವಧಿ ಬೇಕು ಎಂಬ ಸಾಮಾಜಿಕ ಅರಿವು ಈ ನುಡಿಗಟ್ಟಿನಲ್ಲಿ ಉಳಿದುಬಂದಿದೆ.

ಆ ಕೆಲಸದ ಪ್ರಮಾಣ ಸಣ್ಣದಲ್ಲ. ನವಜಾತ ಶಿಶು ದಿನದ 24 ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ಪ್ರತಿ ಬಾರಿಯೂ ಎತ್ತಿಕೊಳ್ಳಬೇಕು, ತೇಗಿಸಬೇಕು, ಬಟ್ಟೆ ಬದಲಿಸಬೇಕು, ಮಲಗಿಸಬೇಕು. ನಡುನಡುವೆ ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ಅಂಟಿನುಂಡೆ, ಎಣ್ಣೆ ನೀರು, ಒಗೆತ, ಪಾತ್ರೆ. ಅಲ್ಲಿ ಇದನ್ನೆಲ್ಲ ಮಾಡುವವಳು ಅರವತ್ತು ದಾಟಿದ ಹೆಂಗಸು. ಹೊರಗೆ ಹಿಮ, ಕಾರು ಓಡಿಸಲು ಬಾರದು, ಮಾತನಾಡಲು ನೆರೆಯವರಿಲ್ಲ. ಊರಿನಲ್ಲಿ ಆಕೆಯ ಮಂಡಿನೋವಿಗೆ ಗೊತ್ತಿರುವ ವೈದ್ಯರಿದ್ದರು. ಇಲ್ಲಿ ಮಕ್ಕಳು ಕೊಂಡ ಪ್ರವಾಸಿ ವಿಮೆ ಹಳೆಯ ಕಾಯಿಲೆಗಳಿಗೆ ಸಾಮಾನ್ಯವಾಗಿ ಪೂರ್ತಿ ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ನೋವನ್ನು ಆಕೆ ಹೇಳುವುದೂ ಇಲ್ಲ.

ಈ ಹೆಂಗಸನ್ನು ವಿಮಾನ ಹತ್ತಿಸಿದ್ದು ಪ್ರೀತಿಯೊಂದೇ ಅಲ್ಲ. ಅಮೆರಿಕದ ಕಾಯಿದೆಯೂ ಹೌದು. 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆ ಆ ದೇಶದ ದುಡಿಯುವವರಿಗೆ ನೀಡಿದ್ದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ. ಖಾಸಗಿ ಸಂಸ್ಥೆಯಲ್ಲಿ 50 ಅಥವಾ ಹೆಚ್ಚು ನೌಕರರಿರಬೇಕು, ಒಂದು ವರ್ಷ ಸೇವೆ ಸಲ್ಲಿಸಿರಬೇಕು ಎಂಬ ಷರತ್ತುಗಳು ಬೇರೆ. ಕ್ಯಾಲಿಫೋರ್ನಿಯಾ 2004ರಿಂದ ವೇತನಸಹಿತ ಕುಟುಂಬ ರಜೆಯ ವ್ಯವಸ್ಥೆ ನಡೆಸುತ್ತಿದೆ. ದುಡಿಯುವವರ ಸಂಬಳದಿಂದಲೇ ಕಡಿತವಾಗುವ ಆ ನಿಧಿಯಿಂದ ತಂದೆಗೂ ತಾಯಿಗೂ ತಲಾ 8 ವಾರಗಳವರೆಗೆ ಭತ್ಯೆ ದೊರೆಯುತ್ತದೆ. ಟೆಕ್ಸಸ್‌ನಲ್ಲಿ ಖಾಸಗಿ ನೌಕರರಿಗೆ ಅಂಥ ಕಡ್ಡಾಯ ವ್ಯವಸ್ಥೆಯಿಲ್ಲ. ದೊಡ್ಡ ತಂತ್ರಜ್ಞಾನ ಕಂಪನಿಗಳು ಉದಾರ ರಜೆ ಕೊಡುತ್ತವೆ ನಿಜ, ಆದರೆ ಅದು ಕಂಪನಿಯ ಔದಾರ್ಯ, ಪೌರಹಕ್ಕಲ್ಲ. ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಬೇರೆ ದಾರಿ ಹುಡುಕಲು ಇರುವ ಅವಕಾಶ ಹೆಚ್ಚೆಂದರೆ 60 ದಿನ. ಆ ಭಯದಲ್ಲಿರುವ ಯುವ ತಂದೆ ಕಾಗದದ ಮೇಲಿರುವ ರಜೆಯನ್ನೂ ಪೂರ್ತಿ ಬಳಸುವುದಿಲ್ಲ.

ಆರೋಗ್ಯ ವ್ಯವಸ್ಥೆಯೂ ಹೆರಿಗೆಯಾದೊಡನೆ ಹಿಂದೆ ಸರಿಯುತ್ತದೆ. ಸಹಜ ಹೆರಿಗೆಗೆ ಕನಿಷ್ಠ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ ಆಸ್ಪತ್ರೆವಾಸದ ವೆಚ್ಚವನ್ನು ವಿಮೆ ಭರಿಸಬೇಕು ಎಂದು ಹೇಳಲು 1996ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. ಮನೆಗೆ ಮರಳಿದ ತಾಯಿಯನ್ನು ವೈದ್ಯರು ಆರು ವಾರಗಳ ನಂತರ ಒಮ್ಮೆ ನೋಡುವುದು ಬಹುಕಾಲದ ರೂಢಿ. ಮೂರು ವಾರದೊಳಗೇ ಸಂಪರ್ಕಿಸಬೇಕೆಂದು ಅಲ್ಲಿನ ಪ್ರಸೂತಿ ತಜ್ಞರ ಸಂಘ ಶಿಫಾರಸು ಮಾಡಿದ್ದು 2018ರಲ್ಲಿ. ಆ ದೇಶದ ರೋಗ ನಿಯಂತ್ರಣ ಕೇಂದ್ರದ ವಿಶ್ಲೇಷಣೆಯ ಪ್ರಕಾರ, ಗರ್ಭಧಾರಣೆಗೆ ಸಂಬಂಧಿಸಿದ ತಾಯಂದಿರ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಸಂಭವಿಸುವುದು ಹೆರಿಗೆಯಾದ ಒಂದು ವಾರದಿಂದ ಒಂದು ವರ್ಷದೊಳಗೆ. ಯಾರೂ ನೋಡದಿರುವ ಅವಧಿ ಅದೇ.

ಈ ಖಾಲಿ ಜಾಗವನ್ನು ತುಂಬುವವಳು ಹಾಸನದಿಂದಲೋ ಧಾರವಾಡದಿಂದಲೋ ಬಂದ ಅಜ್ಜಿ. ಅಂದರೆ ಜಗತ್ತಿನ ಅತ್ಯಂತ ಸಿರಿವಂತ ದೇಶವೊಂದರ ಸರ್ಕಾರವೂ ಉದ್ಯೋಗದಾತರೂ ಭರಿಸಬೇಕಾದ ವೆಚ್ಚವನ್ನು ಪಿಂಚಣಿಯೂ ಇಲ್ಲದ ಗೃಹಿಣಿಯೊಬ್ಬಳು ತನ್ನ ಶರೀರದಿಂದ ಭರಿಸುತ್ತಿದ್ದಾಳೆ. ಕೆನಡಾ ಈ ಸತ್ಯವನ್ನು ತುಸು ಮುಕ್ತವಾಗಿ ಒಪ್ಪಿಕೊಂಡಂತಿದೆ. ಅಲ್ಲಿನ ಸೂಪರ್ ವೀಸಾದಲ್ಲಿ ತಂದೆತಾಯಿಯರು 2022ರಿಂದ ಒಮ್ಮೆಗೆ ಐದು ವರ್ಷ ಇರಬಹುದು. ಆದರೆ ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ಖಾಸಗಿ ಆರೋಗ್ಯ ವಿಮೆಯನ್ನು ಕುಟುಂಬವೇ ಮಾಡಿಸಬೇಕು. ಅಜ್ಜಿಯ ದುಡಿಮೆಗೆ ಬಾಗಿಲು ತೆರೆದಿದೆ, ಅವಳ ಕಾಯಿಲೆಗೆ ಇಲ್ಲ.

ಬೇರೆ ರೀತಿಯೂ ಸಾಧ್ಯ ಎಂಬುದಕ್ಕೆ ಜರ್ಮನಿ ಉದಾಹರಣೆ. ಹೆರಿಗೆಯ ನಂತರದ ವಾರಗಳಿಗೆ ಜರ್ಮನ್ನರು 'ವೋಖೆನ್‌ಬೆಟ್' ಎನ್ನುತ್ತಾರೆ. ವಾರಗಳ ಹಾಸಿಗೆ ಎಂಬರ್ಥದ ಆ ಪದ ಬಾಣಂತನಕ್ಕೆ ಬಲು ಹತ್ತಿರದ್ದು. ಅಲ್ಲಿ ದುಡಿಯುವ ತಾಯಿಗೆ ಹೆರಿಗೆಗೆ ಮುಂಚೆ 6 ವಾರ, ನಂತರ 8 ವಾರ ವೇತನಸಹಿತ ರಕ್ಷಣೆಯಿದೆ. 'ಹೇಬಾಮ್ಮ' ಎಂಬ ಸೂಲಗಿತ್ತಿ ಮನೆಗೇ ಬರುತ್ತಾಳೆ; ಮೊದಲ ಹತ್ತು ದಿನ ಪ್ರತಿದಿನವೂ ಬರಬಹುದು, 12 ವಾರಗಳವರೆಗೆ ಭೇಟಿಗಳು ಮುಂದುವರಿಯಬಹುದು, ಖರ್ಚು ಸಾರ್ವಜನಿಕ ಆರೋಗ್ಯ ವಿಮೆಯದು. 2007ರಲ್ಲಿ ಜಾರಿಗೆ ಬಂದ ಪಾಲಕರ ಭತ್ಯೆಯಲ್ಲಿ ಒಂದು ಜಾಣ ನಿಯಮವಿದೆ: ಒಬ್ಬರೇ ರಜೆ ಪಡೆದರೆ 12 ತಿಂಗಳು, ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ಪಡೆದರೆ ಒಟ್ಟು 14. ನೀಲಿ ಕಾರ್ಡಿನ ಮೇಲೆ ದುಡಿಯುವ ಕನ್ನಡಿಗರಿಗೂ ಇದು ದೊರೆಯುತ್ತದೆ. ಅಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ನಗರಗಳಲ್ಲಿ ಹೇಬಾಮ್ಮಗಳ ಕೊರತೆಯಿಂದಾಗಿ ಗರ್ಭ ನಿಂತ ಮೊದಲ ವಾರಗಳಲ್ಲೇ ಹುಡುಕಾಟ ಶುರುಮಾಡಬೇಕು, ಮತ್ತು ಬಹಳಷ್ಟು ತಂದೆಯರು ಆ ಎರಡು ತಿಂಗಳಿಗಿಂತ ಹೆಚ್ಚು ಪಡೆಯುವುದಿಲ್ಲ. ಆದರೂ ಬಾಣಂತನ ಸಮಾಜದ ಹೊಣೆ ಎಂಬುದು ಅಲ್ಲಿ ಕಾಯಿದೆಯಾಗಿದೆ.

ಹಾಗಾದರೆ 'ನಮ್ಮ ತವರಿನ ಬಾಣಂತನ'ವೇ ಶ್ರೇಷ್ಠ ಎಂಬ ಹಂಬಲಕ್ಕೆ ಮರಳಬಹುದೇ? ಹೊರನಾಡಿನಲ್ಲಿ ಆ ಚಿತ್ರ ಬಹಳ ಸಿಹಿಯಾಗಿದೆ: ಸಾಂಬ್ರಾಣಿ ಹೊಗೆ, ಹಂಡೆಯ ನೀರು, ಅಜ್ಜಿಯ ಕೈ. ಆ ಚಿತ್ರದಲ್ಲಿ ಕಾಣದವರು ಹಲವರಿದ್ದಾರೆ. ಮಗುವನ್ನು ಮೊದಲು ಕೈಗೆತ್ತಿಕೊಂಡ ಸೂಲಗಿತ್ತಿ ಎಷ್ಟೋ ಊರುಗಳಲ್ಲಿ ಕೀಳೆಂದು ಕರೆಸಿಕೊಂಡ ಜಾತಿಯವಳು. ಹೆರಿಗೆಯ ಕೋಣೆಗೆ ಅವಳು ಬೇಕಿತ್ತು, ಪುರುಡು ಕಳೆದ ಮೇಲೆ ಅವಳು ಹಿತ್ತಿಲಿಗೆ ಸರಿಯಬೇಕಿತ್ತು. ಬಾಣಂತಿಯ ಬಟ್ಟೆ ಒಗೆದವಳು ಮಡಿವಾಳರ ಮನೆಯ ಹೆಂಗಸು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹಣ ಕೇಳದೆ ಸಾವಿರಾರು ಹೆರಿಗೆ ಮಾಡಿಸಿದವರು; ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ಬದುಕಿನ ಕೊನೆಯ ವರ್ಷದಲ್ಲಿ. ಅಂಥ ನೂರಾರು ಮಂದಿ ಹೆಸರಿಲ್ಲದೆ ಹೋದರು. ಹಳೆಯ ಬಾಣಂತನವೂ ಅನ್ಯರ ಬೆಲೆ ಕಟ್ಟದ ದುಡಿಮೆಯ ಮೇಲೆಯೇ ನಿಂತಿತ್ತು.

ಇಂದಿನ ಸರಪಳಿ ಇನ್ನೂ ಉದ್ದವಾಗಿದೆ. ಅಜ್ಜಿ ನ್ಯೂಜೆರ್ಸಿಗೆ ಬಂದಾಗ ಊರಿನ ಮನೆಯಲ್ಲಿ ಮಧುಮೇಹದ ಗಂಡ, ಹಾಸಿಗೆ ಹಿಡಿದ ಅತ್ತೆ ಉಳಿಯುತ್ತಾರೆ. ಅವರನ್ನು ನೋಡಿಕೊಳ್ಳಲು ಮನೆಗೆಲಸದವಳು ಇನ್ನೆರಡು ಗಂಟೆ ಹೆಚ್ಚು ನಿಲ್ಲುತ್ತಾಳೆ. ಭಾರತದಲ್ಲಿ 2017ರ ತಿದ್ದುಪಡಿ ವೇತನಸಹಿತ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದಾಗ ಜಗತ್ತು ಮೆಚ್ಚಿತು. ಆದರೆ ಅದು ತಲುಪಿದ್ದು ಸಂಘಟಿತ ವಲಯದ ಹೆಂಗಸರನ್ನು. ಮನೆಗೆಲಸದವಳಿಗೆ ಆ ರಜೆಯಿಲ್ಲ. ಅವಳ ಮೊದಲ ಹೆರಿಗೆಗೆ ಕೇಂದ್ರದ ಮಾತೃ ವಂದನಾ ಯೋಜನೆ ಕೊಡುವುದು 5,000 ರೂಪಾಯಿ, ಅದೂ ಕಂತಿನಲ್ಲಿ. ಅಮೆರಿಕದಲ್ಲಿ ಹುಟ್ಟಿದ ಮಗುವಿನ ಬಾಣಂತನದ ಕೊನೆಯ ಕೊಂಡಿ ಇವಳು.

2020ರ ಮಾರ್ಚ್ ಕೊನೆಯಲ್ಲಿ ಭಾರತದ ಅಂತರರಾಷ್ಟ್ರೀಯ ವಿಮಾನಗಳು ನಿಂತಾಗ ಈ ವ್ಯವಸ್ಥೆ ಒಂದೇ ವಾರದಲ್ಲಿ ಕುಸಿಯಿತು. ಟಿಕೆಟ್ಟು, ಅಂಟಿನುಂಡೆ, ಹಳೆಯ ಹತ್ತಿ ಸೀರೆಗಳೆಲ್ಲ ಸಿದ್ಧವಾಗಿದ್ದ ತಾಯಂದಿರು ಊರಿನಲ್ಲೇ ಉಳಿದರು. ದಂಪತಿಗಳು ಒಂಟಿಯಾಗಿ ಮಗುವನ್ನು ಮನೆಗೆ ತಂದರು. ಆಗ ಕೆಲವು ಕಡೆ ಗೆಳೆಯರು ಬಾಗಿಲ ಹೊರಗೆ ಊಟದ ಡಬ್ಬಿ ಇಟ್ಟು ಹೋದರು. ತಂದೆಯರು ಮಗುವಿಗೆ ಸ್ನಾನ ಮಾಡಿಸುವುದನ್ನು ವಿಡಿಯೊ ಕರೆಯಲ್ಲಿ ಅತ್ತೆಯಿಂದ ಕಲಿತರು. ಗಂಡಸರಿಂದ ಬಾಣಂತನ ಆಗದು ಎಂಬ ಮಾತು ಸುಳ್ಳಾಗಲು ಮಹಾಮಾರಿಯೇ ಬರಬೇಕಾಯಿತು. ವಿಮಾನಗಳು ಹಾರತೊಡಗಿದಂತೆ ಆ ಪಾಠ ಮರೆತುಹೋಯಿತು.

ಮರೆಯದಿದ್ದರೆ ಸಿದ್ಧತೆ ಬೇರೆಯಾಗಿಯೇ ಇರುತ್ತದೆ. ಏಳನೆಯ ತಿಂಗಳಿಗೆ ಮುಂಚೆಯೇ ಗಂಡಹೆಂಡತಿ ಕುಳಿತು ಇಬ್ಬರ ರಜೆಯನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಉದ್ಯೋಗದಾತರ ನಿಯಮ, ರಾಜ್ಯದ ಭತ್ಯೆ, ಅರ್ಜಿಯ ಗಡುವುಗಳನ್ನು ಆಗಲೇ ತಿಳಿಯಬೇಕು. ರಾತ್ರಿಯ ಪಾಳಿಯನ್ನು ಹಂಚಿಕೊಳ್ಳಬೇಕು. ಊಟದ ಡಬ್ಬಿ ತರುವ ಸ್ನೇಹಿತರ ಸರದಿ, ಆಸ್ಪತ್ರೆಗೆ ಕಾರು ಓಡಿಸುವವರು, ದೊಡ್ಡ ಮಗುವನ್ನು ಶಾಲೆಯಿಂದ ಕರೆತರುವವರು ಯಾರೆಂದು ಹೆಸರು ಬರೆಯಬೇಕು. ಹಣವಿದ್ದರೆ ಬಾಣಂತಿಯ ನೆರವಿಗೋ ಮನೆ ಸ್ವಚ್ಛಗೊಳಿಸಲೋ ಜನರನ್ನು ಗೊತ್ತುಮಾಡಿ ನ್ಯಾಯವಾದ ಕೂಲಿ ಕೊಡಬೇಕು. ಆ ದುಡಿಮೆಯವರಲ್ಲೂ ಅನೇಕರು ವಲಸೆ ಬಂದ ಹೆಂಗಸರೇ.

ಇನ್ನು ಅಜ್ಜಿ ಬರುವುದಾದರೆ, ಮೊದಲು ಅವಳನ್ನು ಕೇಳಬೇಕು. 'ಯಾವಾಗ ಬರ್ತೀಯ' ಎಂಬ ಪ್ರಶ್ನೆಗೆ ಮುಂಚೆ 'ಬರಲು ಇಷ್ಟವಿದೆಯೇ, ಏನು ಮಾಡಬಲ್ಲೆ, ಏನು ಆಗದು' ಎಂಬ ಪ್ರಶ್ನೆ. ಅವಳ ಔಷಧ, ವಿಮೆ, ನಿದ್ದೆ, ವಾರದ ಬಿಡುವು ಈ ಯೋಜನೆಯ ಭಾಗವಾಗಬೇಕು. ಮಗುವನ್ನು ಬೆನ್ನ ಮೇಲೆಯೇ ಮಲಗಿಸಬೇಕು, ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಕಾಡಿಗೆಯಲ್ಲಿ ಸೀಸವಿರಬಹುದು ಎಂಬ ವೈದ್ಯರ ಸಲಹೆಗಳನ್ನು ಆಕೆ ಬರುವ ಮುನ್ನವೇ ಗೌರವದಿಂದ ಮಾತನಾಡಿಕೊಂಡರೆ ಬಾಣಂತಿ ಕೋಣೆಯಲ್ಲಿ ಜಗಳ ಕಡಿಮೆ. ಬಾಣಂತಿಯ ಮನಸ್ಸನ್ನು ಗಮನಿಸುವ ಹೊಣೆಯನ್ನೂ ಒಬ್ಬರಿಗೆ ವಹಿಸಬೇಕು. ಎರಡು ವಾರ ಕಳೆದರೂ ಅಳು, ನಿರಾಸೆ, ನಿದ್ರಾಹೀನತೆ ಬಿಡದಿದ್ದರೆ ಅದು ದೃಷ್ಟಿಯಲ್ಲ, ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ. 1987ರಲ್ಲಿ ಎಡಿನ್‌ಬರೊದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪರೀಕ್ಷೆಯನ್ನು ಮನೆಯಲ್ಲೇ ಐದು ನಿಮಿಷದಲ್ಲಿ ತುಂಬಿ ವೈದ್ಯರ ಮುಂದಿಡಬಹುದು. ತನಗೋ ಮಗುವಿಗೋ ಹಾನಿ ಮಾಡುವ ಯೋಚನೆ ಬಂದರೆ ಕಾಯದೆ ಅಂದೇ ತುರ್ತು ನೆರವು ಪಡೆಯಬೇಕು.

ಇಷ್ಟು ಮಾಡಿದರೂ ಕುಟುಂಬದೊಳಗಿನ ನ್ಯಾಯ ಮಾತ್ರ ಸಿಕ್ಕೀತು. ರಜೆಯಿಲ್ಲದ ಟ್ಯಾಕ್ಸಿ ಚಾಲಕನಿಗೆ, ಕನಿಷ್ಠ ಸಂಬಳದ ಮಿತಿ ಮುಟ್ಟದ ಕಾರಣ ಹೆಂಡತಿಯನ್ನು ಕರೆಸಿಕೊಳ್ಳಲಾಗದೆ ಮಗುವನ್ನು ಫೋನಿನ ಪರದೆಯಲ್ಲೇ ನೋಡುವ ದುಬೈಯ ಕರಾವಳಿ ಕನ್ನಡಿಗನಿಗೆ ಕ್ಯಾಲೆಂಡರಿನ ಸಲಹೆ ವ್ಯರ್ಥ. ವಲಸೆಗಾರ ಮಧ್ಯಮವರ್ಗ ವೇತನಸಹಿತ ರಜೆಯ ಹೋರಾಟಗಳಲ್ಲಿ ವಿರಳವಾಗಿ ಕಾಣಿಸಿಕೊಳ್ಳುವುದಕ್ಕೆ ಒಂದು ಕಾರಣ, ಅದಕ್ಕೆ ಊರಿನಲ್ಲೊಬ್ಬ ಅಮ್ಮನಿರುವುದು. ಮತ ಹಾಕುವ ಹಕ್ಕಿಲ್ಲದವರೂ ತಾವಿರುವ ರಾಜ್ಯದ ಶಾಸಕರಿಗೆ ಪತ್ರ ಬರೆಯಬಹುದು, ಸಹೋದ್ಯೋಗಿಗಳ ಜೊತೆ ಸೇರಿ ರಜೆಯ ನಿಯಮ ಕೇಳಬಹುದು. ಬೆಂಗಳೂರಿನ ಮನೆಗೆಲಸದವರ ಸಂಘಟನೆಗಳು ಹೆರಿಗೆ ಸೌಲಭ್ಯ ಕೇಳಿದಾಗ ಅವರ ಪರ ನಿಲ್ಲಬಹುದು. ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯಬಲ್ಲ ಕನ್ನಡ ಸಂಘಗಳಿಗೆ ಬಾಣಂತಿಯರ ಊಟದ ಸರದಿ ನಡೆಸುವುದು, ಬಂದ ಅಜ್ಜಿಯರನ್ನು ವಾರಕ್ಕೊಮ್ಮೆ ಕೂಡಿಸುವುದು ಕಷ್ಟವೇನಲ್ಲ.

ಆರು ತಿಂಗಳು ಕಳೆದು ಅಜ್ಜಿ ವಿಮಾನ ನಿಲ್ದಾಣದಲ್ಲಿ ಮೊಮ್ಮಗುವನ್ನು ಕೈಬಿಟ್ಟು ಹೊರಡುವಾಗ, ಅವಳು ಬಂದದ್ದು ನೋಡಲು ಎಂದೇ ದಾಖಲೆಯಲ್ಲಿರುತ್ತದೆ. ಅವಳು ನೋಡಿಕೊಂಡಳು ಎಂಬುದನ್ನು ಮೊದಲು ಹೇಳಬೇಕಾದವರು ಅವಳ ಮಕ್ಕಳು.