ಚುನಾವಣೆ ಬಂತು, ಬಂದೂಕು ಠಾಣೆಗೆ: ಪರವಾನಗಿದಾರರ ಸಿಟ್ಟಿನಲ್ಲಿ ಸತ್ಯ ಎಷ್ಟು?

ಅಕ್ಕಲಕೋಟ: ಚುನಾವಣೆ ಘೋಷಣೆಯಾಗಿ ಆಚಾರಸಂಹಿತೆ ಜಾರಿಗೆ ಬಂತೆಂದರೆ ಗಡಿ ಭಾಗದ ಪೊಲೀಸ್ ಠಾಣೆಗಳಿಗೆ ಒಂದು ಕೆಲಸ ಹೆಚ್ಚು. ಪರವಾನಗಿ ಬಂದೂಕು ಇಟ್ಟುಕೊಂಡವರಿಗೆ ನೋಟೀಸು ಹೋಗುತ್ತದೆ. ಅವರು ಬಂದೂಕು ತಂದು ಜಮಾ ಮಾಡಿ, ಪಾವತಿ ಒಯ್ಯುತ್ತಾರೆ. ಫಲಿತಾಂಶ ಬಂದ ಮೇಲೆ ಮತ್ತೆ ಠಾಣೆಗೆ ಅಲೆದು ಬಿಡಿಸಿಕೊಂಡು ಬರುತ್ತಾರೆ. "ನಮ್ಮ ಬಂದೂಕು ಠಾಣ್ಯಾಗ ಜಮಾ, ಕಳ್ಳರ ಪಿಸ್ತೂಲು ಸೊಂಟದಾಗ ಆರಾಮ" ಎಂಬ ಮಾತು ಈಗ ಹೋಟೆಲು ಕಟ್ಟೆಗಳಲ್ಲಿ ಸಾಮಾನ್ಯವಾಗಿದೆ.

ಈ ಮಾತಿನಲ್ಲಿ ಸತ್ಯ ಎಷ್ಟು, ಬರೀ ಸಿಟ್ಟು ಎಷ್ಟು ಎಂದು ನೋಡುವ ಕಾಲ ಬಂದಿದೆ. ಯಾಕೆಂದರೆ ಪ್ರಶ್ನೆ ಬಂದೂಕಿನದಷ್ಟೇ ಅಲ್ಲ. ಊರಿಂದ ದೂರ ಹೊಲದಲ್ಲಿ ಇರುವ ಕುಟುಂಬಗಳಿಗೆ ಕಾವಲು ಯಾರು ಎಂಬ ಪ್ರಶ್ನೆಯೂ ಅದರಲ್ಲಿದೆ.

ಭೀಮಾ ದಂಡೆಗೆ ಹತ್ತಿರದ ಹಳ್ಳಿಯೊಂದರ, 60 ದಾಟಿದ ರೈತರೊಬ್ಬರು ಹೆಸರು ಹಾಕಬಾರದೆಂಬ ಕರಾರಿನ ಮೇಲೆ ಪತ್ರಿಕೆಯೊಂದಿಗೆ ಮಾತಾಡಿದರು. ಊರಲ್ಲಿ ಅವರಿಗೆ ಎಲ್ಲರೂ ಕಾಕಾ ಅನ್ನುತ್ತಾರೆ. ವಾಸ ಹೊಲದ ವಸ್ತಿಯಲ್ಲಿ. ಮನೆಯಲ್ಲಿ ತಂದೆಯ ಕಾಲದ 12 ಬೋರಿನ ಜೋಡು ನಳಿಗೆ ಬಂದೂಕು. ಇಂಥ ಬಂದೂಕು ಇಟ್ಟುಕೊಂಡ ಬಹಳ ಜನರ ಅಭಿಪ್ರಾಯವೇ ಕಾಕಾರದೂ ಆಗಿದೆ. ಅದಕ್ಕೆ ಅವರ ಒಂದೊಂದೇ ಮಾತನ್ನು ಕಾಯ್ದೆಯ ಪಕ್ಕಕ್ಕೆ ಇಟ್ಟು ನೋಡುವುದು ಒಳ್ಳೆಯದು.

ವರ್ಷದಲ್ಲಿ ನಾಲ್ಕು ತಿಂಗಳು ಜಮಾ

"ಪರವಾನಾ ಕೊಟ್ಟಾವ್ರು ಅವರ, ಕಸಗೊಳ್ಳಾವ್ರೂ ಅವರ. ವರ್ಷಾ ವರ್ಷಾ ಇಲೆಕ್ಷನ್ ಬಂದ್ರ ಬಂದೂಕು ಯಾವಾಗ ಮನ್ಯಾಗ ಇರಬೇಕ್ರಿ?" ಎಂಬುದು ಕಾಕಾರ ಮೊದಲ ತಕರಾರು.

ಲೆಕ್ಕ ಹಾಕಿದರೆ ಈ ತಕರಾರು ಸುಳ್ಳಲ್ಲ. 2024ರಲ್ಲಿ ಲೋಕಸಭೆ ಚುನಾವಣೆ ಮಾರ್ಚ್ 16ಕ್ಕೆ ಘೋಷಣೆಯಾಗಿ ಜೂನ್ 4ಕ್ಕೆ ಫಲಿತಾಂಶ ಬಂತು. ಅಲ್ಲಿಗೆ 81 ದಿನ. ಅದೇ ವರ್ಷ ಮಹಾರಾಷ್ಟ್ರ ವಿಧಾನಸಭೆಗೆ ಅಕ್ಟೋಬರ್ 15ಕ್ಕೆ ಘೋಷಣೆ, ನವೆಂಬರ್ 23ಕ್ಕೆ ಫಲಿತಾಂಶ. ಅದು 40 ದಿನ. ಎರಡೂ ಕೂಡಿ 121 ದಿನ, ಅಂದರೆ ನಾಲ್ಕು ತಿಂಗಳು. ಅಕ್ಟೋಬರ್-ನವೆಂಬರ್ ಅಂದರೆ ಶೇಂಗಾ, ಗೋವಿನಜೋಳ ಕೈಗೆ ಬರುವ ಕಾಲ, ಹೊಲದಲ್ಲಿ ರಾತ್ರಿ ಕಾವಲು ಬೇಕಾಗುವ ಕಾಲ.

ಆದರೆ ಎಲ್ಲರ ಬಂದೂಕನ್ನೂ ಸಾರಾಸಗಟಾಗಿ ಜಮಾ ಮಾಡಿಸಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಬಾಂಬೆ ಹೈಕೋರ್ಟ್ 2009ರಲ್ಲಿ ಗೋವಾದ ಪ್ರಕರಣವೊಂದರಲ್ಲಿ ಈ ವಿಷಯ ಸ್ಪಷ್ಟ ಮಾಡಿದೆ. ಯಾರ ಬಂದೂಕು ಜಮಾ ಆಗಬೇಕು ಎಂಬುದನ್ನು ಒಬ್ಬೊಬ್ಬರ ಪ್ರಕರಣ ನೋಡಿ ಪರಿಶೀಲನಾ ಸಮಿತಿ ತೀರ್ಮಾನಿಸಬೇಕು. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಾಟೆಗಳಲ್ಲಿ, ಅದರಲ್ಲೂ ಚುನಾವಣೆ ಗಲಾಟೆಗಳಲ್ಲಿ ಸಿಕ್ಕವರು, ಇಂಥವರ ಕಡೆ ಮೊದಲು ಗಮನ ಕೊಡಬೇಕು. ಚುನಾವಣೆ ಆಯೋಗವೂ ಇದೇ ದಾರಿಯ ಸೂಚನೆ ಕೊಟ್ಟಿದೆ. ಫಲಿತಾಂಶ ಬಂದು ಒಂದು ವಾರ ಆದ ಕೂಡಲೇ ಆಯುಧ ಮರಳಿಸಬೇಕೆಂಬುದೂ ಅದರಲ್ಲಿದೆ.

ಕಾಗದದಲ್ಲಿ ಹೀಗೆ ಇದ್ದರೂ ಹಳ್ಳಿಯಲ್ಲಿ ನಡೆಯುವುದು ಬೇರೆ. "ಸಮಿತಿ ಅಂದ್ರ ಯಾರು, ಯಾವಾಗ ಕೂಡ್ತದ, ನನಗ ಯಾರೂ ಹೇಳಿಲ್ಲ. ಠಾಣ್ಯಾಗಿಂದ ಫೋನ್ ಬರ್ತದ, ಒಯ್ದು ಇಟ್ಟು ಬರ್ತೀನಿ" ಅನ್ನುತ್ತಾರೆ ಕಾಕಾ. ಆರೋಪ ಎಂದೂ ಇಲ್ಲದ ಮುದುಕನ ಬಂದೂಕಿಗೂ, ಮೂರು ಕೇಸು ಇರುವವನ ಪಿಸ್ತೂಲಿಗೂ ಒಂದೇ ನೋಟೀಸು ಹೋದರೆ ಪರಿಶೀಲನೆ ಎಂಬ ಶಬ್ದಕ್ಕೆ ಅರ್ಥ ಉಳಿಯುವುದಿಲ್ಲ. ಇಲ್ಲಿ ಕಾಕಾರ ಮಾತು ನೂರಕ್ಕೆ ನೂರು ಸರಿ.

ಒಂಟಿ ವಸ್ತಿ, ರಾತ್ರಿ ಕರೆಂಟು

ಎರಡನೇ ಮಾತು ಸ್ವರಕ್ಷಣೆಯದು. ಪಂಪಸೆಟ್ಟಿಗೆ ಕರೆಂಟು ಪಾಳಿ ಪ್ರಕಾರ ಬರುತ್ತದೆ. ರಾತ್ರಿ ಪಾಳಿ ಬಂದ ವಾರ ಗಂಡಸರು ನೀರು ಹಾಯಿಸಲು ಹೊಲದಲ್ಲಿ, ಹೆಂಗಸರು ಮಕ್ಕಳು ವಸ್ತಿಯಲ್ಲಿ. "ಕಳ್ಳರು ಬಂದ್ರ ಪೊಲೀಸರು ಬರೂದು ಮುಂಜಾನಿ, ಪಂಚನಾಮೆಕ್ಕ. ಅಲ್ಲಿತನಕ ನಮ್ಮ ಜೀವ ನಾವ ನೋಡ್ಕೋಬೇಕು" ಎಂಬುದು ಕಾಕಾರ ವಾದ. ಬಂದೂಕನ್ನು ಇಷ್ಟು ವರ್ಷದಲ್ಲಿ ಮನುಷ್ಯರ ಮೇಲೆ ಎತ್ತಿಲ್ಲ, ಮನೆಯಲ್ಲಿ ಅದು ಇದೆ ಎಂಬುದು ಊರಿಗೆ ಗೊತ್ತಿದ್ದರೆ ಸಾಕು ಎಂದೂ ಅವರು ಹೇಳುತ್ತಾರೆ.

ಕಾಯ್ದೆ ಸ್ವರಕ್ಷಣೆಯ ಹಕ್ಕನ್ನು ಕೊಟ್ಟಿದೆ. ಮೊದಲು ಭಾರತೀಯ ದಂಡ ಸಂಹಿತೆಯ 96ರಿಂದ 106ನೇ ಕಲಮಿನಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮಿನಲ್ಲಿದೆ. ಪ್ರಾಣ ಹೋಗುವ ಅಥವಾ ಭಾರಿ ಗಾಯವಾಗುವ ನಿಜವಾದ ಭಯ ಇದ್ದರೆ, ಅತ್ಯಾಚಾರ, ಅಪಹರಣಕ್ಕೆ ಕೈಹಾಕಿದರೆ, ದರೋಡೆಗೆ ಬಂದರೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗಿದರೆ, ಎದುರಿನವನ ಪ್ರಾಣ ಹೋಗುವಷ್ಟರ ಮಟ್ಟಿಗೆ ಈ ಹಕ್ಕು ಹೋಗುತ್ತದೆ.

ಆದರೆ ಮಿತಿ ಇದೆ. ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರನ್ನು ಕರೆಯಲು ವೇಳೆ ಇದ್ದರೆ ಈ ಹಕ್ಕು ಇಲ್ಲ. ಮೋಟರು, ಕೇಬಲ್ಲು, ಕಬ್ಬು ಕದ್ದು ಓಡುತ್ತಿರುವವನ ಬೆನ್ನಿಗೆ ಗುಂಡು ಹಾಕಿದರೆ ಅದು ಸ್ವರಕ್ಷಣೆ ಆಗುವುದಿಲ್ಲ, ಖೂನಿ ಕೇಸು ಆಗುತ್ತದೆ. "ನನ್ನ ಹೊಲ, ನನ್ನ ಬಂದೂಕು" ಎನ್ನುವವರು ಇದನ್ನು ಮರೆಯಬಾರದು. ಮೊದಲು ಜೈಲು, ಆಮೇಲೆ ವಿಚಾರಣೆ, ಸ್ವರಕ್ಷಣೆ ಆಗಿತ್ತೋ ಇಲ್ಲವೋ ಎಂಬ ತೀರ್ಮಾನ ವರ್ಷಗಳ ಮೇಲೆ.

ಹಂದಿ ಬಂದರೆ ಹೊಡೆಯಬಹುದೇ?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಪೀಕು ರಕ್ಷಣೆಗೆ ಠಾಸಣಿ ಬಂದೂಕಿನ ಪರವಾನಗಿ ಕೊಡುವ ಮಾತು ಇದೆ. ಹಾಗೆಂದು ಪರವಾನಗಿ ಇದ್ದವರೆಲ್ಲ ಹಂದಿ ಹೊಡೆಯಬಹುದು ಎಂದಲ್ಲ. ಬಂದೂಕಿನ ಪರವಾನಗಿ ಬೇರೆ, ಪ್ರಾಣಿ ಹೊಡೆಯುವ ಅನುಮತಿ ಬೇರೆ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣೆ ಕಾಯ್ದೆಯ ಕೆಳಗೆ ಬರುತ್ತದೆ. ಹೊಡೆಯಲು ಅರಣ್ಯ ಅಧಿಕಾರಿಯ ಲಿಖಿತ ಅನುಮತಿ ಬೇಕು. ಚಿಗರಿ ಮೊದಲನೇ ಅನುಸೂಚಿಯ ಪ್ರಾಣಿ, ಅದನ್ನು ಮುಟ್ಟಿದರೆ ಕಠಿಣ ಶಿಕ್ಷೆ. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಮಾತ್ರ ಅಪರಾಧವಲ್ಲ.

ಈ ವಿಷಯದಲ್ಲಿ ಕಾಸರಗೋಡಿನ ನಮ್ಮ ಕನ್ನಡ ರೈತರು ಇರುವ ಕೇರಳ ಒಂದು ದಾರಿ ತೋರಿಸಿದೆ. 2022ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಪೀಕಿಗೆ ಕಂಟಕವಾದ ಹಂದಿ ಹೊಡೆಸಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೇ ಕೊಟ್ಟಿತು. ಪರವಾನಗಿ ಬಂದೂಕು ಇದ್ದವರ ಯಾದಿ ಮಾಡಿ, ಅವರಿಂದಲೇ ಆ ಕೆಲಸ ಮಾಡಿಸುವ ಪದ್ಧತಿ ಬಂತು. ಬಂದೂಕು ಯಾರ ಕೈಯಲ್ಲಿ, ಯಾವ ಕೆಲಸಕ್ಕೆ, ಯಾರ ಆದೇಶದ ಮೇಲೆ ಎಂಬುದು ಅಲ್ಲಿ ದಾಖಲೆಯಲ್ಲಿ ಇರುತ್ತದೆ. ಸೋಲಾಪುರ, ಜತ್ತ ಭಾಗದ ಪಂಚಾಯತಿಗಳಿಗೆ ಇಂಥ ಅಧಿಕಾರ ಕೊಟ್ಟರೆ ಹೇಗೆ ಎಂದು ಇಲ್ಲಿನ ಜನಪ್ರತಿನಿಧಿಗಳು ಕೇಳಬಹುದಿತ್ತು.

ನೀರು ಹಾಯಿಸುವವನಿಗಿಲ್ಲ, ಮುಖಂಡನಿಗುಂಟು

ಕಾಕಾರ ಮೂರನೇ ಮಾತು ರಾಜಕಾರಣದ್ದು, ಮತ್ತು ಅದೇ ಹೆಚ್ಚು ಖಾರವಾಗಿದೆ. "ವಸ್ತಿ ಮ್ಯಾಲ ಇರಾವ್ಗ ಅರ್ಜಿ ಕೊಟ್ಟು ಎರಡು ವರ್ಷ ಚಕ್ಕರ. ಬ್ಯಾನರ್‌ದಾಗ ಫೋಟೋ ಇರಾವ್ಗ ಲಗೂನ ಪಿಸ್ತೂಲು."

ಮಹಾರಾಷ್ಟ್ರದ ಇತ್ತೀಚಿನ ಘಟನೆಗಳು ಈ ಮಾತಿಗೆ ಬಲ ಕೊಡುತ್ತವೆ. 2024ರ ಫೆಬ್ರುವರಿ 2ರಂದು ಉಲ್ಹಾಸನಗರದ ಪೊಲೀಸ್ ಠಾಣೆಯೊಳಗೇ ಗುಂಡು ಹಾರಿಸಿದ ಆರೋಪದ ಮೇಲೆ ಹಾಲಿ ಶಾಸಕರೇ ಬಂಧಿತರಾದರು. ಆರು ದಿನದ ಮೇಲೆ, ಫೆಬ್ರುವರಿ 8ರಂದು ಮುಂಬಯಿಯ ದಹಿಸರದಲ್ಲಿ ಮಾಜಿ ನಗರಸೇವಕ ಅಭಿಷೇಕ ಘೋಸಾಳಕರ ಅವರ ಹತ್ಯೆ ಫೇಸ್‌ಬುಕ್ ನೇರ ಪ್ರಸಾರದಲ್ಲೇ ನಡೆಯಿತು. ಕೊಂದವನ ಕೈಯಲ್ಲಿದ್ದ ಪಿಸ್ತೂಲಿನ ಪರವಾನಗಿ ಅವನ ಅಂಗರಕ್ಷಕನ ಹೆಸರಿನಲ್ಲಿತ್ತು. 2024ರ ಡಿಸೆಂಬರದಲ್ಲಿ ಬೀಡ ಜಿಲ್ಲೆಯ ಮಸ್ಸಾಜೋಗದ ಸರಪಂಚ ಸಂತೋಷ ದೇಶಮುಖ ಅವರ ಖೂನಿಯಾದ ಮೇಲೆ, ಆ ಒಂದೇ ಜಿಲ್ಲೆಯಲ್ಲಿ ಸಾವಿರದ ಮೇಲೆ ಪರವಾನಗಿ ಇದ್ದದ್ದು ಬಯಲಿಗೆ ಬಂದು, 2025ರಲ್ಲಿ ನೂರಕ್ಕೂ ಹೆಚ್ಚು ರದ್ದಾದವು. ಅಷ್ಟು ಪರವಾನಗಿ ರದ್ದು ಮಾಡಬೇಕಾಯಿತು ಅಂದರೆ ಕೊಡುವಾಗ ಏನು ನೋಡಿ ಕೊಟ್ಟರು?

ಇನ್ನು ಕಳ್ಳರ ಪಿಸ್ತೂಲಿನ ಮಾತು. ಭೀಮಾ ತೀರದ ಹಳ್ಳಿಗಳಿಗೆ ನಾಡ ಪಿಸ್ತೂಲು ಹೊಸದಲ್ಲ. ಚಡಚಣ, ಇಂಡಿ, ಅಫಜಲಪುರ ಭಾಗದ ಹಗೆತನಗಳಲ್ಲಿ ಅವುಗಳ ಹೆಸರು ಮತ್ತೆ ಮತ್ತೆ ಬಂದಿದೆ. ಮಧ್ಯಪ್ರದೇಶದ ಉಮರ್ಟಿ, ಬಿಹಾರದ ಮುಂಗೇರ ಇಂಥ ಮಾಲಿಗೆ ಹೆಸರಾದ ಊರುಗಳು. ಆ ಪಿಸ್ತೂಲಿಗೆ ಪರವಾನಗಿ ಇಲ್ಲ, ನೋಟೀಸು ಇಲ್ಲ, ಜಮಾ ಇಲ್ಲ. ಚುನಾವಣೆ ಶಾಂತಿಯಿಂದ ನಡೆಯಬೇಕಾದರೆ ಹುಡುಕಬೇಕಾದದ್ದು ಅದನ್ನು. ಯಾದಿಯಲ್ಲಿ ಇದ್ದವರಿಗೆ ಫೋನು ಮಾಡುವುದು ಸುಲಭ, ಯಾದಿಯಲ್ಲಿ ಇಲ್ಲದ್ದನ್ನು ಹುಡುಕುವುದು ಕಷ್ಟ. ಸುಲಭದ್ದನ್ನು ಮಾಡಿ ಕೈತೊಳೆದುಕೊಂಡರೆ ಜನರಿಗೆ ಸಿಟ್ಟು ಬರುವುದು ಸಹಜ.

ನದಿ ದಾಟಿದರೆ ಅಪರಾಧ

ಗಡಿಯವರಿಗೆ ಇನ್ನೊಂದು ಪೇಚಾಟ ಉಂಟು. ಮನೆ ಅಕ್ಕಲಕೋಟ ತಾಲೂಕಿನಲ್ಲಿ, ಹೊಲ ಅಫಜಲಪುರ ಇಲ್ಲವೇ ಇಂಡಿ ಕಡೆ ಇರುವ ಕುಟುಂಬಗಳಿವೆ. ಪರವಾನಗಿ ಪುಸ್ತಕದಲ್ಲಿ ಕ್ಷೇತ್ರ ಎಂಬ ಕಾಲಂ ಇರುತ್ತದೆ. ಅಲ್ಲಿ ಮಹಾರಾಷ್ಟ್ರ ಎಂದಷ್ಟೇ ಬರೆದಿದ್ದರೆ ಬಂದೂಕು ಹಿಡಿದು ಸೇತುವೆ ದಾಟಿ ತನ್ನದೇ ಹೊಲಕ್ಕೆ ಹೋದರೂ ಅಪರಾಧ.

ಚುನಾವಣೆಯಲ್ಲೂ ಹಾಗೇ. 2024ರ ಲೋಕಸಭೆಗೆ ಸೋಲಾಪುರ, ವಿಜಯಪುರ, ಕಲಬುರಗಿ ಮೂರೂ ಕಡೆ ಮೇ 7ಕ್ಕೇ ಮತದಾನ, ಎರಡೂ ದಂಡೆಗೆ ಒಂದೇ ಆಚಾರಸಂಹಿತೆ. ಆದರೆ ನವೆಂಬರದ ವಿಧಾನಸಭೆ ಈ ಕಡೆಗಷ್ಟೇ. ಕರ್ನಾಟಕದ ವಿಧಾನಸಭೆ ಚುನಾವಣೆ ನಡೆದ 2023ರ ಮೇ ತಿಂಗಳಲ್ಲಿ ಪಾಳಿ ಆ ದಂಡೆಯದು. ಒಂದು ದಂಡೆಯ ಬಂದೂಕು ಠಾಣೆಯಲ್ಲಿ, ಇನ್ನೊಂದು ದಂಡೆಯದು ಗೂಟಕ್ಕೆ. ಹಗೆತನ ಮಾತ್ರ ಎರಡೂ ದಂಡೆಗೆ ಒಂದೇ.

2016ರ ಕೊನೆಗೆ ಕೇಂದ್ರ ಗೃಹ ಇಲಾಖೆಯ ಲೆಕ್ಕದ ಪ್ರಕಾರ ಕರ್ನಾಟಕದಲ್ಲಿ 1,13,631 ಪರವಾನಗಿ, ಮಹಾರಾಷ್ಟ್ರದಲ್ಲಿ 84,050. ಉತ್ತರ ಪ್ರದೇಶದಲ್ಲಿ 12 ಲಕ್ಷ 77 ಸಾವಿರದ ಮೇಲೆ. ಕೊಡಗಿನಲ್ಲಿ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದಲೇ ವಿನಾಯಿತಿ ಇದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಒಂದೇ ದೇಶ, ಒಂದೇ ಕಾಯ್ದೆ, ಊರಿಗೊಂದು ರೀತಿ.

ಎಲ್ಲರಿಗೂ ಬಂದೂಕು ಕೊಟ್ಟರೆ?

ಕಾಕಾರ ಕೊನೆಯ ಮಾತನ್ನು ಮಾತ್ರ ಒಪ್ಪಲು ಬರುವುದಿಲ್ಲ. "ಅಮೇರಿಕಾದಂಗ ಕೇಳಿದಾವ್ರಿಗೆಲ್ಲ ಕೊಟ್ಟು ಬಿಡ್ರಿ, ಕಳ್ಳರು ತಾವ ಸುಮ್ಮನಾಗ್ತಾರ" ಎಂದು ಅವರು ಹೇಳುತ್ತಾರೆ. ಅಮೇರಿಕದಲ್ಲಿ ವರ್ಷಕ್ಕೆ 40 ಸಾವಿರಕ್ಕೂ ಹೆಚ್ಚು ಜನ ಗುಂಡಿನಿಂದ ಸಾಯುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಅಂದರೆ ಬಂದೂಕು ಕಳ್ಳನಿಗಿಂತ ಮೊದಲು ಮನೆಯವರ ಕಡೆಗೇ ತಿರುಗುತ್ತದೆ. ಸಾಲದ ಚಿಂತೆ, ಬಾಂದದ ಜಗಳ, ಕುಡಿತ ಇರುವ ನಮ್ಮ ಹಳ್ಳಿಗಳಲ್ಲಿ ಮನೆಗೊಂದು ಬಂದೂಕು ಬಂದರೆ ಏನಾದೀತು ಎಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ದಹಿಸರದ ಪ್ರಕರಣವೂ ಹೇಳುವುದು ಇದನ್ನೇ: ಪರವಾನಗಿ ಒಬ್ಬನದು, ಕೈ ಇನ್ನೊಬ್ಬನದು.

2019ರ ತಿದ್ದುಪಡಿ ಇದೇ ಕಾರಣಕ್ಕೆ ಬಿಗಿಯಾಗಿದೆ. ಒಬ್ಬರಿಗೆ ಮೂರು ಬಂದೂಕಿನ ಜಾಗದಲ್ಲಿ ಎರಡೇ. ಮದುವೆ, ಮೆರವಣಿಗೆಗಳಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಹರ್ಷಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದೇ ತಿದ್ದುಪಡಿ ಪರವಾನಗಿ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿ ರೈತರ ಓಡಾಟವನ್ನೂ ಕಡಿಮೆ ಮಾಡಿದೆ.

ಆಗಬೇಕಾದದ್ದು ಏನು?

ಪರವಾನಗಿದಾರರು ಕೇಳಬೇಕಾದದ್ದು ಹೆಚ್ಚು ಬಂದೂಕನ್ನಲ್ಲ, ಇದ್ದ ನಿಯಮದ ಪಾಲನೆಯನ್ನು. ಚುನಾವಣೆ ಮೊದಲು ಪರಿಶೀಲನಾ ಸಮಿತಿ ಕೂಡಬೇಕು, ಯಾರಿಗೆ ಯಾಕೆ ಜಮಾ ಎಂಬ ಕಾರಣ ನೋಟೀಸಿನಲ್ಲಿ ಬರೆದಿರಬೇಕು, ಫಲಿತಾಂಶದ ಒಂದು ವಾರದ ಮೇಲೆ ಬಂದೂಕು ಮರಳಬೇಕು. ಯಾವ ಕಾರಣಕ್ಕೆ ಎಷ್ಟು ಪರವಾನಗಿ ಕೊಟ್ಟರು ಎಂಬ ಲೆಕ್ಕವನ್ನು ಜಿಲ್ಲಾಧಿಕಾರಿ ಕಚೇರಿ ಜನರ ಮುಂದೆ ಇಡಬೇಕು. ಇದಕ್ಕೆಲ್ಲ ಹೊಸ ಕಾಯ್ದೆ ಬೇಕಾಗಿಲ್ಲ.

ಅದಕ್ಕಿಂತ ದೊಡ್ಡದು ಹಗಲು ಕರೆಂಟು ಮತ್ತು ರಾತ್ರಿ ಗಸ್ತು. ಇವೆರಡು ಸಿಕ್ಕರೆ ಕಾಕಾರಂಥವರ ಅರ್ಧ ಭಯ ಕಡಿಮೆಯಾಗುತ್ತದೆ. "ದಿನಾ ಹಗಲ ಕರೆಂಟ್ ಕೊಡ್ರಿ, ಬಂದೂಕು ನೀವ ಇಟ್ಕೋರಿ" ಎಂದು ಅವರೇ ನಕ್ಕು ಹೇಳಿದ್ದುಂಟು.

ಮನೆಯಲ್ಲಿ ಹಿರಿಯರ ಬಂದೂಕು ಇರುವ ಕುಟುಂಬಗಳಿಗೆ ಒಂದು ಸೂಚನೆ. ಪರವಾನಗಿದಾರರು ತೀರಿಕೊಂಡರೆ ಬಂದೂಕನ್ನು ಹಾಗೇ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಕೂಡಲೇ ಜಮಾ ಮಾಡಿ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಕೊಡಬೇಕು. ಪರವಾನಗಿದಾರರಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಇರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ನಿಯಮದಲ್ಲಿ ಅವಕಾಶವಿದೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಕೊಡಿ. ಠಾಣೆಯಲ್ಲಿ ಜಮಾ ಮಾಡಿದಾಗ ಬಂದೂಕಿನ ನಂಬರು, ಕಾಡತೂಸಿನ ಲೆಕ್ಕ ಬರೆದ ಪಾವತಿಯನ್ನು ತಪ್ಪದೆ ಪಡೆಯಿರಿ.